ಇಂಗ್ಲಿಷ್ ವ್ಯಾಕರಣದ ಮೊದಲ ಪಾಠಗಳು ಮತ್ತು ಸಾಹಿತ್ಯ ವಿಶ್ಲೇಷಣೆ: ಕನ್ನಡ ವಿದ್ಯಾರ್ಥಿಯ ನೆಲೆಯಿಂದ ಒಂದು ವಿವೇಚನೆ

1. ಪ್ರವೇಶ

ಪದವಿ ತರಗತಿಗಳ ಇಂಗ್ಲಿಷ್ ಬೋಧನೆಯಲ್ಲಿ ವ್ಯಾಕರಣದ ಪಾಠ ಮತ್ತು ಸಾಹಿತ್ಯದ ಪಾಠ ಎಂಬ ಎರಡು ಭಾಗಗಳು ಬಹುಮಟ್ಟಿಗೆ ಒಂದನ್ನೊಂದು ಅರಿಯದ ನೆರೆಮನೆಯವರಂತೆ ಇವೆ. ವ್ಯಾಕರಣದ ಅವಧಿಯಲ್ಲಿ ಬಿಟ್ಟ ಸ್ಥಳ ತುಂಬುವುದು, ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದು, ನೇರ ಮಾತನ್ನು ಪರೋಕ್ಷ ಮಾತಾಗಿಸುವುದು ನಡೆಯುತ್ತದೆ. ಸಾಹಿತ್ಯದ ಅವಧಿಯಲ್ಲಿ ಕವಿಯ ಕಾಲ, ಕೃತಿಯ ಸಾರಾಂಶ, ಆಶಯ, ಪಾತ್ರಚಿತ್ರಣ ಇವುಗಳ ನಿರೂಪಣೆ ನಡೆಯುತ್ತದೆ. ನೂರು ಕರ್ತರಿ ವಾಕ್ಯಗಳನ್ನು ತಪ್ಪಿಲ್ಲದೆ ಕರ್ಮಣಿಗೆ ತಿರುಗಿಸಬಲ್ಲ ವಿದ್ಯಾರ್ಥಿಯೂ, ಒಬ್ಬ ಕಾದಂಬರಿಕಾರ ಒಂದು ಘಟ್ಟದಲ್ಲಿ ಕರ್ಮಣಿ ಪ್ರಯೋಗವನ್ನೇ ಏಕೆ ಆರಿಸಿಕೊಂಡ ಎಂಬ ಪ್ರಶ್ನೆಯನ್ನು ಕೇಳುವುದಿಲ್ಲ. ಆ ಪ್ರಶ್ನೆ ಯಾವ ಪಾಠಕ್ಕೂ ಸೇರಿದ್ದಲ್ಲವೆಂಬಂತೆ ಎರಡರ ನಡುವೆ ಉಳಿದುಹೋಗುತ್ತದೆ.

ಇದು ಇಂಗ್ಲಿಷ್ ವಿಭಾಗದ ಸಮಸ್ಯೆ ಮಾತ್ರವೆಂದು ಕನ್ನಡ ಅಧ್ಯಯನಕಾರರು ದೂರ ನಿಲ್ಲುವಂತಿಲ್ಲ. ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿ ಪಾಶ್ಚಾತ್ಯ ಸಾಹಿತ್ಯ ವಿಮರ್ಶೆ, ತೌಲನಿಕ ಅಧ್ಯಯನ, ಅನುವಾದ ಇವು ಪಠ್ಯದ ಭಾಗಗಳಾಗಿವೆ. ಬಿ.ಎಂ.ಶ್ರೀ ಅವರ 'ಇಂಗ್ಲಿಷ್ ಗೀತಗಳು' (1926) ಕೃತಿಯಿಂದ ಮೊದಲ್ಗೊಂಡು ಹೊಸಗನ್ನಡ ಕಾವ್ಯದ ಚರಿತ್ರೆಯನ್ನು ಬೋಧಿಸುವ ಅಧ್ಯಾಪಕನು ಎರಡು ಭಾಷೆಗಳ ವ್ಯಾಕರಣಗಳ ನಡುವಣ ಹೊಸ್ತಿಲಿನಲ್ಲಿಯೇ ನಿಂತಿರುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯು ಇಂಗ್ಲಿಷ್ ಕೃತಿಯನ್ನು ಓದುವಾಗ ಅವನ ಒಳಗಿರುವ ಕನ್ನಡದ ವ್ಯಾಕರಣ ಸುಮ್ಮನಿರುವುದಿಲ್ಲ. ಅದು ಕೆಲವು ಕಡೆ ಅವನ ಕಣ್ಣಿಗೆ ಮರೆಯಾಗುತ್ತದೆ, ಕೆಲವು ಕಡೆ ಬೆಳಕಾಗುತ್ತದೆ. ಈ ಎರಡೂ ಬಗೆಯ ನೆಲೆಗಳನ್ನು ಆಯ್ದ ನಿದರ್ಶನಗಳ ಮೂಲಕ ಗುರುತಿಸುವುದು, ಆ ಮೂಲಕ ಪ್ರಾಥಮಿಕ ವ್ಯಾಕರಣದ ಪಾಠವು ಸಾಹಿತ್ಯ ವಿಶ್ಲೇಷಣೆಯ ಉಪಕರಣವಾಗುವ ಬಗೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಎರವಲು ಚೌಕಟ್ಟಿನ ಚರಿತ್ರೆ

ಇಂಗ್ಲಿಷ್ ವ್ಯಾಕರಣವೆಂದರೆ ಮೊದಲಿನಿಂದಲೂ ಸಿದ್ಧವಾಗಿದ್ದ, ಪ್ರಶ್ನಾತೀತವಾದ ಶಾಸ್ತ್ರವೆಂಬ ಭಾವನೆ ವಿದ್ಯಾರ್ಥಿಗಳಲ್ಲಿದೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ವಿಲಿಯಂ ಬುಲೋಕರ್ 1586ರಲ್ಲಿ ಪ್ರಕಟಿಸಿದ, ಮೊತ್ತಮೊದಲ ಇಂಗ್ಲಿಷ್ ವ್ಯಾಕರಣವೆಂದು ಪರಿಗಣಿತವಾದ ಕಿರುಹೊತ್ತಗೆಯು ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಎರಕಹೊಯ್ದದ್ದು. ಇಂಗ್ಲಿಷಿಗೂ ನಿಯಮಗಳಿವೆ ಎಂದು ತೋರಿಸಬೇಕಾದರೆ ಅದು ಲ್ಯಾಟಿನ್ನಿನಂತೆ ಇದೆ ಎಂದು ತೋರಿಸಬೇಕಾಗಿದ್ದ ಕಾಲವದು. ರಾಬರ್ಟ್ ಲೌತ್ (1762) ಮತ್ತು ಲಿಂಡ್ಲಿ ಮರ್‍ರೆ (1795) ಅವರ ವ್ಯಾಕರಣಗಳು ಶುದ್ಧಾಶುದ್ಧ ಪ್ರಯೋಗಗಳ ನಿರ್ಣಯವನ್ನೇ ಮುಖ್ಯ ಕಾರ್ಯವಾಗಿಸಿಕೊಂಡು ಶಾಲೆಗಳಲ್ಲಿ ನೆಲೆಯೂರಿದವು. ಭಾರತದ ಶಾಲೆಗಳಿಗೆ ಈ ಪರಂಪರೆ ನೆಸ್‌ಫೀಲ್ಡ್‌ನ ಪುಸ್ತಕಗಳ ಮೂಲಕ, ಆಮೇಲೆ 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್‌ರ ವ್ಯಾಕರಣದ ಮೂಲಕ ತಲುಪಿತು. ತಲೆಮಾರುಗಳ ಕಾಲ ಕರ್ನಾಟಕದ ಮನೆಗಳಲ್ಲಿ ನಿಘಂಟಿನ ಪಕ್ಕದಲ್ಲಿ ಕಾಣುತ್ತಿದ್ದ ಪುಸ್ತಕ ಅದು.

ಇಪ್ಪತ್ತನೆಯ ಶತಮಾನದ ವರ್ಣನಾತ್ಮಕ ವ್ಯಾಕರಣಗಳು ಈ ಚೌಕಟ್ಟನ್ನು ಸಡಿಲಗೊಳಿಸಿದವು. ಯೆಸ್ಪರ್ಸನ್ ಮತ್ತು ಆನಂತರ ಕ್ವರ್ಕ್, ಗ್ರೀನ್‌ಬಾಮ್, ಲೀಚ್, ಸ್ವಾರ್ಟ್‌ವಿಕ್ (1985) ಇವರ ವಿವರಣೆಯಂತೆ ಇಂಗ್ಲಿಷ್ ಕ್ರಿಯಾಪದಕ್ಕೆ ರೂಪದ ದೃಷ್ಟಿಯಿಂದ ಇರುವುದು ಎರಡೇ ಕಾಲಗಳು: ವರ್ತಮಾನ ಮತ್ತು ಭೂತ. ಭವಿಷ್ಯತ್ತನ್ನು 'ವಿಲ್' ಮೊದಲಾದ ಸಹಾಯಕ ಕ್ರಿಯಾಪದಗಳಿಂದ ಸೂಚಿಸಲಾಗುತ್ತದೆ. ಆದರೂ ಮೂರು ಕಾಲಗಳ, ಹನ್ನೆರಡು ಮನೆಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸುವ ಪದ್ಧತಿ ಬಲವಾಗಿಯೇ ಉಳಿದಿದೆ.

ಕನ್ನಡ ಅಧ್ಯಯನಕಾರರಿಗೆ ಈ ಕಥೆ ಅಪರಿಚಿತವಲ್ಲ. ಸಂಸ್ಕೃತದ ಏಳು ವಿಭಕ್ತಿಗಳ ಲೆಕ್ಕವನ್ನು ಸರಿದೂಗಿಸಲು ಶಾಲಾ ವ್ಯಾಕರಣಗಳು ಪಂಚಮಿಗೆ 'ದೆಸೆಯಿಂದ' ಎಂಬ ರೂಪವನ್ನು ಹೊಂದಿಸಿಕೊಟ್ಟಿವೆ. ಆಡುವ ಕನ್ನಡದಲ್ಲಿ 'ಕೊಡಲಿಯಿಂದ ಕಡಿದ', 'ಮರದಿಂದ ಬಿದ್ದ' ಎಂಬ ಎರಡು ಕಡೆಯೂ 'ಇಂದ' ಪ್ರತ್ಯಯವೇ ಸಾಕು. 'ನಾಳೆ ಬರುತ್ತೇನೆ' ಎನ್ನುವವನು ವರ್ತಮಾನದ ರೂಪದಲ್ಲಿಯೇ ಭವಿಷ್ಯವನ್ನು ಹೇಳುತ್ತಾನೆ. ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' (2000) ಕೃತಿಯಲ್ಲಿ ಎತ್ತಿದ ಪ್ರಶ್ನೆಯ ತಿರುಳು ಇದೇ: ಒಂದು ಭಾಷೆಯನ್ನು ಇನ್ನೊಂದರ ಅಳತೆಗೋಲಿನಿಂದ ಅಳೆದಾಗ ಇಲ್ಲದ್ದು ಇದೆಯೆಂದು ತೋರುತ್ತದೆ, ಇರುವುದು ಕಾಣದೆ ಹೋಗುತ್ತದೆ. ಹೀಗೆ ಕನ್ನಡ ವಿದ್ಯಾರ್ಥಿಯು ಸಂಸ್ಕೃತದ ಚೌಕಟ್ಟಿನಲ್ಲಿ ಕನ್ನಡವನ್ನೂ, ಲ್ಯಾಟಿನ್ನಿನ ಚೌಕಟ್ಟಿನಲ್ಲಿ ಇಂಗ್ಲಿಷನ್ನೂ ಕಲಿತು ಬಂದಿರುತ್ತಾನೆ. ಎರಡು ಭಾಷೆಗಳನ್ನು ನೇರವಾಗಿ ಎದುರುಬದುರು ಇಟ್ಟು ನೋಡುವ ಅವಕಾಶ ಅವನಿಗೆ ಒದಗುವುದೇ ವಿರಳ.

3. ವ್ಯಾಕರಣ ಮತ್ತು ಕಾವ್ಯಮೀಮಾಂಸೆಯ ಸಂಬಂಧ

ವ್ಯಾಕರಣವನ್ನೂ ಕಾವ್ಯವಿವೇಚನೆಯನ್ನೂ ಬೇರ್ಪಡಿಸುವುದು ಕನ್ನಡ ಪರಂಪರೆಯ ಸ್ವಭಾವವಲ್ಲ. 'ಕವಿರಾಜಮಾರ್ಗ'ದಲ್ಲಿ ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಬೆರೆಸುವ ಪ್ರಶ್ನೆ ಕಾವ್ಯದೋಷಗಳ ಚರ್ಚೆಯೊಳಗೇ ಬರುತ್ತದೆ. ಇಮ್ಮಡಿ ನಾಗವರ್ಮನ 'ಕಾವ್ಯಾವಲೋಕನ'ದ ಮೊದಲ ಅಧಿಕರಣವೇ 'ಶಬ್ದಸ್ಮೃತಿ' ಎಂಬ ವ್ಯಾಕರಣ ಭಾಗ. ಗುಣ, ದೋಷ, ರೀತಿ, ರಸಗಳ ವಿಚಾರ ಅದರ ನಂತರದ್ದು. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಪೂರ್ವಕವಿಗಳ ಪ್ರಯೋಗಗಳನ್ನೇ ಲಕ್ಷ್ಯವಾಗಿ ಇರಿಸಿಕೊಂಡ.

ಸಂಸ್ಕೃತ ಕಾವ್ಯಮೀಮಾಂಸೆಯಲ್ಲಿ ಈ ಸಂಬಂಧ ಇನ್ನೂ ಸೂಕ್ಷ್ಮವಾಗಿ ಪ್ರತಿಪಾದಿತವಾಗಿದೆ. ನಾಮವಿಭಕ್ತಿ, ಕ್ರಿಯಾಪ್ರತ್ಯಯ, ವಚನ, ಕಾರಕ, ಸಮಾಸ ಮೊದಲಾದವುಗಳೂ ಧ್ವನಿಯನ್ನು ವ್ಯಂಜಿಸಬಲ್ಲವೆಂದು ಆನಂದವರ್ಧನ 'ಧ್ವನ್ಯಾಲೋಕ'ದಲ್ಲಿ ತೋರಿಸಿದ್ದಾನೆ. ಕುಂತಕನ 'ವಕ್ರೋಕ್ತಿಜೀವಿತ'ದಲ್ಲಿ ಪ್ರತ್ಯಯಗಳಿಗೆ ಸಂಬಂಧಿಸಿದ ವಕ್ರತೆಗೆ ಪ್ರತ್ಯೇಕ ಸ್ಥಾನವಿದ್ದು, ಅಲ್ಲಿ ಕಾಲ, ಕಾರಕ, ಸಂಖ್ಯೆ, ಪುರುಷ ಇವುಗಳ ವೈಚಿತ್ರ್ಯವನ್ನು ಒಂದೊಂದಾಗಿ ಪರಿಗಣಿಸಲಾಗಿದೆ.

ಪಶ್ಚಿಮದಲ್ಲಿ ಇದಕ್ಕೆ ಸಂವಾದಿಯಾದ ಚಿಂತನೆ ಇಪ್ಪತ್ತನೆಯ ಶತಮಾನದಲ್ಲಿ ಶೈಲಿಶಾಸ್ತ್ರವೆಂಬ ಹೆಸರಿನಲ್ಲಿ ಬೆಳೆಯಿತು. ಪ್ರಾಗ್ ಪಂಥದ ಮುಕಾರೋವ್‌ಸ್ಕಿ 1932ರಲ್ಲಿ ಬರೆದ ಪ್ರಬಂಧದಲ್ಲಿ, ಕಾವ್ಯಭಾಷೆಯು ಶಿಷ್ಟಭಾಷೆಯ ಹಿನ್ನೆಲೆಯಲ್ಲಿ ಮಾತ್ರ ಎದ್ದು ಕಾಣುತ್ತದೆ ಎಂಬ ವಿಚಾರವನ್ನು ಮಂಡಿಸಿದ. ರೋಮನ್ ಯಾಕಬ್‌ಸನ್‌ನ 'ಭಾಷಾವಿಜ್ಞಾನ ಮತ್ತು ಕಾವ್ಯಮೀಮಾಂಸೆ' ಎಂಬ ಉಪನ್ಯಾಸ 1960ರಲ್ಲಿ ಅಚ್ಚಾಗಿ ಈ ಚರ್ಚೆಗೆ ವ್ಯಾಪ್ತಿಯನ್ನು ತಂದಿತು.

ಮುಕಾರೋವ್‌ಸ್ಕಿಯ ವಿಚಾರದಲ್ಲಿ ಕನ್ನಡ ವಿದ್ಯಾರ್ಥಿಗೆ ಮುಖ್ಯವಾದ ಒಂದು ಎಚ್ಚರಿಕೆ ಅಡಗಿದೆ. ವಿಚಲನವು ಕಾಣಬೇಕಾದರೆ ವಾಡಿಕೆ ಯಾವುದೆಂದು ತಿಳಿದಿರಬೇಕು. ವಾಡಿಕೆಯಾದರೋ ಆಯಾ ಭಾಷೆಯದು. ಇಂಗ್ಲಿಷಿನಲ್ಲಿ ಅಸಾಮಾನ್ಯವಾದ ರಚನೆ ಕನ್ನಡದಲ್ಲಿ ದಿನನಿತ್ಯದ್ದಾಗಿದ್ದರೆ, ಕನ್ನಡ ಓದುಗನು ಅದನ್ನು ಗಮನಿಸದೆಯೇ ದಾಟಿಬಿಡುತ್ತಾನೆ. ಈ ದೃಷ್ಟಿಯಿಂದ ಮುಂದಿನ ನಿದರ್ಶನಗಳನ್ನು ಪರಿಶೀಲಿಸಬಹುದು.

4. ನಿರ್ದೇಶಕ ಪದಗಳು: ಕಾಣದ ಚಿಕ್ಕ ಪದಗಳು

'ಎ', 'ಆ್ಯನ್', 'ದಿ' ಇವು ಇಂಗ್ಲಿಷಿನ ಅತ್ಯಂತ ಚಿಕ್ಕ ಪದಗಳು. ಕನ್ನಡದಲ್ಲಿ ಇವುಗಳಿಗೆ ಸಮಾನವಾದ ಪದವರ್ಗವಿಲ್ಲ. ಹಾಗೆಂದು ಗೊತ್ತಿರುವುದು ಮತ್ತು ಹೊಸದು ಎಂಬ ಭೇದವೇ ಕನ್ನಡದಲ್ಲಿಲ್ಲವೆಂದು ಹೇಳಲಾಗದು. 'ಮನೆಯ ಮುಂದೆ ನಾಯಿ ನಿಂತಿದೆ' ಎಂಬಲ್ಲಿ ನಾಯಿ ಹೊಸದು. 'ನಾಯಿ ಮನೆಯ ಮುಂದೆ ನಿಂತಿದೆ' ಎಂಬಲ್ಲಿ ಸಾಮಾನ್ಯವಾಗಿ ಅದು ಗೊತ್ತಿರುವ ನಾಯಿ. 'ಹುಡುಗ ಪುಸ್ತಕ ತಂದ' ಮತ್ತು 'ಹುಡುಗ ಪುಸ್ತಕವನ್ನು ತಂದ' ಇವುಗಳ ನಡುವೆಯೂ ಇಂಥದೇ ಅಂತರವಿದೆ. ಎರಡನೆಯದರಲ್ಲಿ ಪುಸ್ತಕ ಯಾವುದೆಂಬುದು ಮಾತನಾಡುವವರಿಬ್ಬರಿಗೂ ತಿಳಿದಿರುವಂತಿದೆ. ಅಂದರೆ ಇಂಗ್ಲಿಷ್ ಪ್ರತ್ಯೇಕ ಪದದಿಂದ ಮಾಡುವ ಕೆಲಸವನ್ನು ಕನ್ನಡವು ಪದಕ್ರಮದಿಂದಲೂ ದ್ವಿತೀಯಾ ಪ್ರತ್ಯಯದ ಇರವು ಅಥವಾ ಲೋಪದಿಂದಲೂ ಭಾಗಶಃ ಮಾಡುತ್ತದೆ. ಇದನ್ನು ತಿಳಿಸಿಕೊಡದೆ 'ಮೊದಲ ಸಲ ಎ, ಎರಡನೆಯ ಸಲ ದಿ' ಎಂಬ ಸೂತ್ರವನ್ನು ಮಾತ್ರ ಕೊಟ್ಟರೆ ವಿದ್ಯಾರ್ಥಿಗೆ ಅದು ಒಣ ನಿಯಮವಾಗಿಯೇ ಉಳಿಯುತ್ತದೆ.

ಈ ಸೂತ್ರವನ್ನು ಮುರಿಯುವಲ್ಲಿಯೇ ಸಾಹಿತ್ಯದ ಕುತೂಹಲ ಆರಂಭವಾಗುತ್ತದೆ. ಹೆಮಿಂಗ್ವೆಯ 'ಎ ಫೇರ್‌ವೆಲ್ ಟು ಆರ್ಮ್ಸ್' (1929) ಕಾದಂಬರಿಯ ಮೊದಲ ವಾಕ್ಯ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ಮನೆಗೂ ಹಳ್ಳಿಗೂ 'ಎ' ಇದೆ. ಆದರೆ ಅದುವರೆಗೆ ಉಲ್ಲೇಖವೇ ಆಗದ ನದಿ, ಬಯಲು, ಬೆಟ್ಟಗಳಿಗೆ 'ದಿ' ಬಂದಿದೆ. ವರ್ಷವನ್ನು ಕೂಡ 'ಆ ವರ್ಷ' ಎಂದೇ ಸೂಚಿಸಲಾಗಿದೆ. ಯಾವ ವರ್ಷ, ಯಾವ ನದಿ ಎಂಬುದು ಓದುಗನಿಗೆ ತಿಳಿಯದು. ನಿರೂಪಕನು ಮಾತ್ರ ಅವನಿಗೆ ತಿಳಿದೇ ಇದೆಯೆಂಬಂತೆ ಮಾತನಾಡುತ್ತಾನೆ. ಇದರಿಂದ ಓದುಗನು ಹೊರಗಿನವನಾಗಿ ಪರಿಚಯ ಮಾಡಿಸಿಕೊಳ್ಳುವ ಬದಲು, ಆಗಲೇ ಅಲ್ಲಿದ್ದ ಒಡನಾಡಿಯಾಗಿಬಿಡುತ್ತಾನೆ.

ಅನುವಾದಕನ ಇಕ್ಕಟ್ಟು ಇಲ್ಲಿ ಸ್ಪಷ್ಟವಾಗುತ್ತದೆ. 'ನದಿ' ಎಂದಷ್ಟೇ ಬರೆದರೆ ಆತ್ಮೀಯತೆಯ ಸೂಚನೆ ಅಳಿಸಿಹೋಗುತ್ತದೆ. 'ಆ ನದಿ' ಎಂದರೆ ಬೆರಳು ಮಾಡಿ ತೋರಿಸಿದಂತಾಗಿ ಅರ್ಥ ಅತಿಯಾಗುತ್ತದೆ. ಮೂಲದ ಒಂದಕ್ಷರದ ನಷ್ಟವನ್ನು ಕನ್ನಡದ ಪದಕ್ರಮದಿಂದ ತುಂಬಲು ಯತ್ನಿಸುವವನಿಗೆ ನಿರ್ದೇಶಕ ಪದದ ಪಾಠ ಕೇವಲ ಪರೀಕ್ಷೆಯ ವಿಷಯವಾಗಿ ಉಳಿಯುವುದಿಲ್ಲ.

5. ಕ್ರಿಯಾಪದದ ಲೋಪ ಮತ್ತು ವಿಳಂಬ

ಇಂಗ್ಲಿಷ್ ವಾಕ್ಯಕ್ಕೆ ಕರ್ತೃವೂ ಪೂರ್ಣ ಕ್ರಿಯಾಪದವೂ ಬೇಕೆಂಬುದು ವ್ಯಾಕರಣದ ಮೊದಲ ಪಾಠಗಳಲ್ಲಿ ಒಂದು. ಕನ್ನಡದಲ್ಲಿ 'ಅವರು ನಮ್ಮ ಮೇಷ್ಟರು', 'ಊರ ತುಂಬ ಧೂಳು' ಇವು ಕ್ರಿಯಾಪದವಿಲ್ಲದೆಯೇ ಪೂರ್ಣ ವಾಕ್ಯಗಳು. ಕನ್ನಡ ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ 'ಈಸ್' ಬಿಟ್ಟು ಬರೆದಾಗ ಅದನ್ನು ಅಜ್ಞಾನವೆಂದು ಕೆಂಪುಶಾಯಿಯಿಂದ ಗುರುತಿಸಲಾಗುತ್ತದೆ. ವಾಸ್ತವದಲ್ಲಿ ಅವನು ಅಲ್ಲಿ ಕನ್ನಡದ ಒಂದು ಸರಿಯಾದ ನಿಯಮವನ್ನು ಪಾಲಿಸಿರುತ್ತಾನೆ.

ಡಿಕನ್ಸ್‌ನ 'ಬ್ಲೀಕ್ ಹೌಸ್' (1852–53) ಕಾದಂಬರಿಯ ಆರಂಭದ ಪ್ಯಾರಾಗಳಲ್ಲಿ ಪ್ರಧಾನ ವಾಕ್ಯಗಳಿಗೆ ಪೂರ್ಣ ಕ್ರಿಯಾಪದಗಳಿಲ್ಲ. ಲಂಡನ್ ನಗರದ ಕೆಸರು, ಹೊಗೆ, ಮಂಜುಗಳ ಆ ವರ್ಣನೆ ನಾಮಪದಗಳಿಂದಲೂ 'ಇಂಗ್' ಪ್ರತ್ಯಯದ ಕೃದಂತಗಳಿಂದಲೂ ಸಾಗುತ್ತದೆ. ಕಾಲವನ್ನು ಹೊರುವ ಕ್ರಿಯಾಪದವೇ ಇಲ್ಲದುದರಿಂದ ಚಲನೆ ಇದ್ದರೂ ಏನೂ ಮುಂದೆ ಹೋಗುತ್ತಿಲ್ಲವೆನಿಸುತ್ತದೆ. ತಲೆಮಾರುಗಳು ಕಳೆದರೂ ಮುಗಿಯದ ಮೊಕದ್ದಮೆಯೊಂದು ಈ ಕಾದಂಬರಿಯ ಕೇಂದ್ರದಲ್ಲಿದೆ ಎಂಬುದನ್ನು ನೆನೆದರೆ, ಆರಂಭದ ವಾಕ್ಯರಚನೆಯೇ ವಸ್ತುವಿನ ಮುನ್ಸೂಚನೆಯಂತೆ ಕಾಣುತ್ತದೆ. ಇಡೀ ಕಾದಂಬರಿ ವರ್ತಮಾನಕಾಲದ ಪ್ರಥಮಪುರುಷ ನಿರೂಪಣೆ ಮತ್ತು ಎಸ್ತರ್ ಎಂಬ ಪಾತ್ರದ ಭೂತಕಾಲದ ಉತ್ತಮಪುರುಷ ನಿರೂಪಣೆ ಇವೆರಡರ ನಡುವೆ ಹಂಚಿಹೋಗಿದೆ ಎಂಬುದನ್ನೂ ಇದರೊಡನೆ ಗಮನಿಸಬೇಕು. ಕ್ರಿಯಾಪದರಹಿತ ವಾಕ್ಯವನ್ನು ಸಹಜವೆಂದು ಬಗೆಯುವ ಕನ್ನಡ ಓದುಗನಿಗೆ ಆರಂಭದ ಈ ಸ್ತಬ್ಧತೆ ತಾನಾಗಿ ತಟ್ಟುವುದಿಲ್ಲ. ಅದೇ ಕಾಲಕ್ಕೆ, ಕೃದಂತಗಳನ್ನು 'ಇಳಿಯುತ್ತಿತ್ತು', 'ಹಬ್ಬುತ್ತಿತ್ತು' ಎಂದು ಪೂರ್ಣಕ್ರಿಯೆಗಳಾಗಿಸುವ ಅನುವಾದವು ಉಳಿದ ಸ್ತಬ್ಧತೆಯನ್ನೂ ಕರಗಿಸಿಬಿಡುತ್ತದೆ.

ಕ್ರಿಯಾಪದದ ವಿಳಂಬವೂ ಇಂತಹುದೇ. ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್' (1667) ಮಹಾಕಾವ್ಯದ ಮೊದಲ ವಾಕ್ಯದಲ್ಲಿ ಕಾವ್ಯದೇವತೆಗೆ ಹಾಡೆಂದು ಮಾಡುವ ಪ್ರಾರ್ಥನೆಯ ಪ್ರಧಾನ ಕ್ರಿಯಾಪದ ಬರುವುದು ಆರನೆಯ ಸಾಲಿನಲ್ಲಿ. ಅದಕ್ಕೆ ಮೊದಲು ಕಾವ್ಯದ ವಸ್ತುವೆಲ್ಲ ಸಂಗ್ರಹವಾಗಿ ಬಂದುಹೋಗಿರುತ್ತದೆ. ಕರ್ತೃ, ಕ್ರಿಯೆ, ಕರ್ಮ ಎಂಬ ಕ್ರಮಕ್ಕೆ ಒಗ್ಗಿದ ಇಂಗ್ಲಿಷ್ ಓದುಗನು ಐದು ಸಾಲುಗಳ ಉದ್ದಕ್ಕೂ ಉಸಿರು ಹಿಡಿದು ಕಾಯಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದೇ ಸಹಜ. 'ಇಂತಿಂಥದನ್ನು ಕುರಿತು ಹಾಡು' ಎಂಬ ರಚನೆಯಲ್ಲಿ ಕಾಯುವ ಶ್ರಮವೇ ಇಲ್ಲ. ಮಿಲ್ಟನ್ ಯತ್ನಪೂರ್ವಕವಾಗಿ ಸಾಧಿಸಿದ್ದನ್ನು ಕನ್ನಡ ವಾಕ್ಯವು ಹುಟ್ಟಿನಿಂದಲೇ ಪಡೆದಿದೆ. ಆದುದರಿಂದಲೇ ಅದು ಕನ್ನಡದಲ್ಲಿ ವಿಶೇಷವಾಗಿ ಉಳಿಯುವುದಿಲ್ಲ. ಪದಕ್ರಮವನ್ನು ಯಥಾವತ್ತಾಗಿ ಉಳಿಸಿಕೊಂಡಾಗಲೂ ಪರಿಣಾಮವು ಉಳಿಯದೆ ಹೋಗಬಹುದೆಂಬುದಕ್ಕೆ ಇದು ಸಾಕ್ಷಿ.

6. ಮಾಡಿದವರು ಯಾರು? ಕರ್ಮಣಿ ಪ್ರಯೋಗ ಮತ್ತು ಕರ್ತೃತ್ವ

ಕರ್ತರಿ–ಕರ್ಮಣಿ ಪರಿವರ್ತನೆಯನ್ನು ಯಾಂತ್ರಿಕ ಅಭ್ಯಾಸವಾಗಿ ಕಲಿಸಿದಾಗ ಎರಡೂ ವಾಕ್ಯಗಳ ಅರ್ಥ ಒಂದೇ ಎಂಬ ಭ್ರಮೆ ಉಂಟಾಗುತ್ತದೆ. ಇಂಗ್ಲಿಷ್ ಕರ್ಮಣಿಯ ಮುಖ್ಯ ಅನುಕೂಲವೆಂದರೆ ಕರ್ತೃವನ್ನು ಬಿಟ್ಟುಬಿಡಬಹುದಾದ ಸ್ವಾತಂತ್ರ್ಯ. 'ದಿ ವಿಂಡೋ ವಾಸ್ ಬ್ರೋಕನ್' ಎಂಬಲ್ಲಿ ಒಡೆದವರು ಇದ್ದಾರೆ, ಹೆಸರಿಲ್ಲ. 'ದಿ ವಿಂಡೋ ಬ್ರೋಕ್' ಎಂಬಲ್ಲಿ ಒಡೆದವರೇ ಇಲ್ಲ. ಕನ್ನಡದಲ್ಲಿ 'ಕಿಟಕಿಯನ್ನು ಒಡೆಯಲಾಯಿತು', 'ಕಿಟಕಿ ಒಡೆಯಿತು' ಎಂಬ ರಚನೆಗಳು ಈ ಭೇದವನ್ನು ತೋರುತ್ತವೆ. 'ಒಡೆಯಲ್ಪಟ್ಟಿತು' ಎಂಬ ರೂಪ ಗ್ರಂಥಸ್ಥವಾದುದೇ ಹೊರತು ಆಡುಮಾತಿನದಲ್ಲ. ಇಂಗ್ಲಿಷ್ ಕರ್ಮಣಿಗೆ ಯಾವಾಗಲೂ 'ಅಲ್ಪಡು' ರೂಪವನ್ನೇ ಹೊಂದಿಸುವ ತರಗತಿಯ ರೂಢಿಯು ಕನ್ನಡದ ನಿಜವಾದ ಸಾಧನಗಳನ್ನು ಮರೆಮಾಡುತ್ತದೆ. 'ಲಾಠಿ ಪ್ರಹಾರ ನಡೆಯಿತು' ಎಂಬ ಪತ್ರಿಕಾ ವಾಕ್ಯದಲ್ಲಿ ಕರ್ಮಣಿ ಪ್ರತ್ಯಯವೇ ಇಲ್ಲ. ಆದರೂ ಪ್ರಹಾರ ಮಾಡಿದವರು ವಾಕ್ಯದಿಂದ ಮಾಯವಾಗಿದ್ದಾರೆ. ಈ ಮರೆವು ಹೇಗೆ ಏರ್ಪಟ್ಟಿತೆಂದು ಕೇಳುವುದೇ ವಿಶ್ಲೇಷಣೆಯ ಮೊದಲ ಹೆಜ್ಜೆ.

ಕರ್ತೃತ್ವದ ಈ ಪ್ರಶ್ನೆಯನ್ನು ಸಾಹಿತ್ಯ ವಿಶ್ಲೇಷಣೆಗೆ ಆಳವಾಗಿ ಅನ್ವಯಿಸಿದವರು ಎಂ.ಎ.ಕೆ. ಹ್ಯಾಲಿಡೆ. ವಿಲಿಯಂ ಗೋಲ್ಡಿಂಗ್‌ನ 'ದಿ ಇನ್‌ಹೆರಿಟರ್ಸ್' (1955) ಕಾದಂಬರಿಯನ್ನು ಕುರಿತ ಅವರ ಪ್ರಬಂಧ 1971ರಲ್ಲಿ ಪ್ರಕಟವಾಯಿತು. ನಿಯಾಂಡರ್ತಾಲ್ ಸಮುದಾಯದ ಲೋಕ್ ಎಂಬವನ ದೃಷ್ಟಿಯಿಂದ ಕಾದಂಬರಿಯ ಹೆಚ್ಚಿನ ಭಾಗ ನಿರೂಪಿತವಾಗಿದೆ. ಕೊನೆಯಲ್ಲಿ ದೃಷ್ಟಿಕೋನವು ಹೊಸ ಮಾನವರ ಕಡೆಗೆ ಸರಿಯುತ್ತದೆ. ಲೋಕ್‌ನ ಭಾಗದಲ್ಲಿ ಅಕರ್ಮಕ ಕ್ರಿಯೆಗಳೇ ಹೆಚ್ಚು; ಕರ್ತೃಸ್ಥಾನದಲ್ಲಿ ಅನೇಕ ಕಡೆ ದೇಹದ ಅವಯವಗಳೋ ಜಡವಸ್ತುಗಳೋ ಇವೆ. ಶತ್ರುವು ಬಿಲ್ಲನ್ನು ಸೆಳೆದು ಬಾಣ ಬಿಡುವುದನ್ನು ಲೋಕ್ ನೋಡುತ್ತಾನೆ. ಅವನಿಗೆ ಕಾಣುವುದು ತಾನೇ ಕುಗ್ಗಿ ಹಿಗ್ಗುವ ಒಂದು ಕೋಲು ಮಾತ್ರ. ಮನುಷ್ಯನೊಬ್ಬ ವಸ್ತುವಿನ ಮೇಲೆ ಕ್ರಿಯೆ ನಡೆಸಿ ಬದಲಾವಣೆ ತರುತ್ತಾನೆಂಬ ಕಾರ್ಯಕಾರಣದ ಅರಿವು ಅವನಿಗಿಲ್ಲ. ಕೊನೆಯ ಭಾಗದಲ್ಲಿ ಮನುಷ್ಯ ಕರ್ತೃವುಳ್ಳ ಸಕರ್ಮಕ ವಾಕ್ಯಗಳು ಹೆಚ್ಚುತ್ತವೆ. ಒಂದು ಜನಾಂಗದ ಅಳಿವನ್ನು ಕಾದಂಬರಿಯು ಕಥೆಯಲ್ಲಿ ಹೇಳುವಂತೆಯೇ ವಾಕ್ಯರಚನೆಯ ಬದಲಾವಣೆಯಲ್ಲಿಯೂ ಕಾಣಿಸುತ್ತದೆ.

ಸಕರ್ಮಕ–ಅಕರ್ಮಕ ಭೇದವನ್ನು ಕನ್ನಡ ವಿದ್ಯಾರ್ಥಿಯು ಪ್ರೌಢಶಾಲೆಯಲ್ಲಿಯೇ ಕಲಿತಿರುತ್ತಾನೆ. 'ಏನನ್ನು ಎಂದು ಪ್ರಶ್ನಿಸಿದಾಗ ಉತ್ತರ ದೊರೆತರೆ ಸಕರ್ಮಕ' ಎಂಬ ಆ ಪಾಠವೇ ಹ್ಯಾಲಿಡೆಯವರ ವಿಶ್ಲೇಷಣೆಗೂ ಬುನಾದಿ.

7. 'ದೌ' ಮತ್ತು 'ಯೂ': ಕನ್ನಡ ವಿದ್ಯಾರ್ಥಿಯ ಅನುಕೂಲ

ಈವರೆಗಿನ ನಿದರ್ಶನಗಳಲ್ಲಿ ಕನ್ನಡದ ವಾಡಿಕೆಯು ಕೆಲವು ಸಂಗತಿಗಳಿಗೆ ಮರೆಯಾದುದನ್ನು ಕಂಡದ್ದಾಯಿತು. ಇದಕ್ಕೆ ವಿರುದ್ಧವಾದ ಸಂದರ್ಭಗಳೂ ಇವೆ. ಆಧುನಿಕ ಶಿಷ್ಟ ಇಂಗ್ಲಿಷಿನಲ್ಲಿ ಮಧ್ಯಮಪುರುಷಕ್ಕೆ 'ಯೂ' ಒಂದೇ ಸರ್ವನಾಮ. ಷೇಕ್ಸ್‌ಪಿಯರನ ಕಾಲದಲ್ಲಿ 'ದೌ' ಕೂಡ ಬಳಕೆಯಲ್ಲಿತ್ತು. ಮೇಲಿನವರು ಕೆಳಗಿನವರನ್ನು, ಆಪ್ತರು ಆಪ್ತರನ್ನು 'ದೌ' ಎನ್ನುತ್ತಿದ್ದರು. ಗೌರವಕ್ಕೂ ಔಪಚಾರಿಕತೆಗೂ 'ಯೂ' ಸಲ್ಲುತ್ತಿತ್ತು. ಸಿಟ್ಟು, ತಿರಸ್ಕಾರಗಳಲ್ಲಿಯೂ 'ದೌ' ಬರುತ್ತಿತ್ತು. ಇಂದಿನ ಇಂಗ್ಲಿಷ್ ಭಾಷಿಕ ವಿದ್ಯಾರ್ಥಿಗೆ ಈ ಭೇದವನ್ನು ಟಿಪ್ಪಣಿಯ ಮೂಲಕ ವಿವರಿಸಬೇಕಾಗುತ್ತದೆ. 'ನೀನು' ಮತ್ತು 'ನೀವು' ಎಂಬ ಭೇದದೊಳಗೇ ಬೆಳೆದ ಕನ್ನಡ ವಿದ್ಯಾರ್ಥಿಗೆ ಅದು ಅನುಭವದಿಂದಲೇ ಗೊತ್ತು.

'ಕಿಂಗ್ ಲಿಯರ್' ನಾಟಕದ ಮೊದಲ ದೃಶ್ಯವನ್ನು ಗಮನಿಸಬಹುದು. ತನ್ನನ್ನು ಹೊಗಳಿದ ಹಿರಿಯ ಮಗಳಿಗೆ ರಾಜ್ಯದ ಪಾಲು ಕೊಡುವಾಗ ಲಿಯರ್ ಅವಳನ್ನು 'ದೌ' ವರ್ಗದ ಸರ್ವನಾಮದಿಂದ ಸಂಬೋಧಿಸುತ್ತಾನೆ. ಅಲ್ಲಿ ಅದು ವಾತ್ಸಲ್ಯ. ಕಿರಿಯ ಮಗಳು ಕಾರ್ಡೀಲಿಯಾಳನ್ನು ಏನು ಹೇಳುವೆಯೆಂದು ಕೇಳುವಾಗ 'ಯೂ' ಬರುತ್ತದೆ. ಅವಳ ಉತ್ತರದಿಂದ ಕೆರಳಿ ಅವಳನ್ನು ತೊರೆಯುವಾಗ ಅದೇ ತಂದೆ 'ದೌ' ವರ್ಗಕ್ಕೆ ತಿರುಗುತ್ತಾನೆ. ಈಗ ಅದು ಕೋಪ. ರಾಜನನ್ನು ತಡೆಯಲು ಮುಂದಾಗುವ ನಿಷ್ಠಾವಂತ ಸಾಮಂತ ಕೆಂಟ್ ಗೌರವದ ಸಂಬೋಧನೆಯಿಂದ ಆರಂಭಿಸಿ, ಲಿಯರ್ ಕೇಳದೆ ಹೋದಾಗ ರಾಜನನ್ನೇ 'ದೌ' ಎಂದುಬಿಡುತ್ತಾನೆ. ತುಂಬಿದ ಸಭೆಯಲ್ಲಿ ಸಾಮಂತನೊಬ್ಬ ದೊರೆಯನ್ನು 'ನೀನು' ಎಂದದ್ದರ ಆಘಾತವನ್ನು ಕನ್ನಡದಲ್ಲಿ ವಿವರಿಸಬೇಕಾದ ಅಗತ್ಯವಿಲ್ಲ. ಅದೊಂದು ಸರ್ವನಾಮವೇ ಕಿರೀಟವನ್ನು ಕಳಚಿ ಲಿಯರನನ್ನು ಕೇವಲ ಒಬ್ಬ ಮುದುಕನನ್ನಾಗಿಸಿ ನಿಲ್ಲಿಸುತ್ತದೆ. ನಾಟಕದ ಮುಂದಿನ ಭಾಗ ಮಾಡಲಿರುವುದೂ ಅದನ್ನೇ.

ಇಂಗ್ಲಿಷ್ ತರಗತಿಯಲ್ಲಿ ಹಿಂಜರಿದು ಕೂರುವ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಈ ದೃಶ್ಯದ ಮಟ್ಟಿಗೆ ಇಂಗ್ಲಿಷ್ ಭಾಷಿಕನಿಗಿಂತ ಹತ್ತಿರದಲ್ಲಿದ್ದಾನೆ. ಅವನಿಗೆ ಅದನ್ನು ಹೇಳುವವರು ಬೇಕು.

8. ಪರೋಕ್ಷ ಮಾತು ಮತ್ತು 'ತಾನು'

ನೇರ ಮಾತನ್ನು ಪರೋಕ್ಷಕ್ಕೆ ತಿರುಗಿಸುವ ಅಭ್ಯಾಸದಲ್ಲಿ ಪುರುಷ, ಕಾಲ, ಕಾಲಸೂಚಕ ಪದಗಳನ್ನು ಬದಲಿಸುವ ನಿಯಮವಿದೆ: 'ಟುಮಾರೋ' ಎಂಬುದು 'ದಿ ನೆಕ್ಸ್ಟ್ ಡೇ' ಆಗಬೇಕು. 'ಶಿ ವಾಸ್ ಲೀವಿಂಗ್ ಟುಮಾರೋ' ಎಂಬ ವಾಕ್ಯ ಈ ನಿಯಮದ ಪ್ರಕಾರ ಅರೆಬೆಂದದ್ದು. ಪುರುಷ ಮತ್ತು ಕಾಲಗಳು ನಿರೂಪಕನಿಗೆ ಸೇರಿದ್ದರೆ 'ಟುಮಾರೋ' ಪಾತ್ರಕ್ಕೆ ಸೇರಿದೆ. ಕಥನಸಾಹಿತ್ಯದಲ್ಲಿ ಈ ಅರೆತನವೇ ಒಂದು ಮುಖ್ಯ ತಂತ್ರ. ಮುಕ್ತ ಪರೋಕ್ಷ ನಿರೂಪಣೆ ಎಂದು ಕರೆಯಲಾಗುವ ಇದನ್ನು ಸಮರ್ಥವಾಗಿ ದುಡಿಸಿಕೊಂಡವರಲ್ಲಿ ಜೇನ್ ಆಸ್ಟಿನ್ ಪ್ರಮುಖಳು. 'ಎಮ್ಮಾ' ಕಾದಂಬರಿಯಲ್ಲಿ, ಎಲ್ಟನ್‌ನ ಅನಿರೀಕ್ಷಿತ ವಿವಾಹಪ್ರಸ್ತಾಪದ ನಂತರ ನಾಯಕಿ ರಾತ್ರಿ ಒಬ್ಬಳೇ ಕುಳಿತು ಪರಿತಪಿಸುವ ಭಾಗ ಉತ್ತಮ ನಿದರ್ಶನ. ಅಲ್ಲಿ ಪ್ರಥಮಪುರುಷ, ಭೂತಕಾಲಗಳು ಹಾಗೆಯೇ ಇದ್ದು, ಉದ್ಗಾರಗಳೂ ತುಂಡುವಾಕ್ಯಗಳೂ ಅವಳ ಮನಸ್ಸಿನವು. ನಿರೂಪಕಿಯ ನಗೆ ಎಲ್ಲಿ, ಎಮ್ಮಾಳ ನೋವು ಎಲ್ಲಿ ಎಂದು ಗೆರೆ ಎಳೆಯಲಾಗದ ಸ್ಥಿತಿ ಅದು.

ಕನ್ನಡದಲ್ಲಿ ಈ ಸ್ಥಿತಿಗೆ ಬೇರೊಂದು ಸಾಧನವಿದೆ. 'ಅವಳು ನಾಳೆ ಹೊರಡಬೇಕು' ಮತ್ತು 'ತಾನು ನಾಳೆ ಹೊರಡಬೇಕು' ಎಂಬ ವಾಕ್ಯಗಳಲ್ಲಿ ಎರಡನೆಯದು ಪಾತ್ರದ ಒಳಮನಸ್ಸಿಗೆ ಸೇರಿದ್ದೆಂಬುದು 'ತಾನು' ಎಂಬ ಸರ್ವನಾಮದಿಂದಲೇ ಖಚಿತ. ಇಂಗ್ಲಿಷಿನ 'ಶಿ' ಎರಡನ್ನೂ ಒಳಗೊಳ್ಳುವುದರಿಂದ ಅಲ್ಲಿ ಸಂದಿಗ್ಧತೆ ಸಾಧ್ಯ. ಕನ್ನಡ ಅನುವಾದಕ ಪ್ರತಿ ವಾಕ್ಯದಲ್ಲಿಯೂ 'ಅವಳು', 'ತಾನು' ಇವುಗಳಲ್ಲಿ ಒಂದನ್ನು ಆರಿಸಬೇಕು, ಇಲ್ಲವೆ ಸರ್ವನಾಮವನ್ನೇ ಬಿಡಬೇಕು. ಸರ್ವನಾಮ ಬಿಟ್ಟರೂ 'ಹೊರಟಳು' ಎಂಬಂತಹ ಕ್ರಿಯಾಪದದ ಪ್ರತ್ಯಯವು ಪುರುಷ–ಲಿಂಗಗಳನ್ನು ಹೇಳಿಬಿಡುತ್ತದೆ. ಹೀಗೆ ಎಮ್ಮಾಳ ಒಂದು ಪುಟವನ್ನು ಕನ್ನಡಿಸಲು ಹೊರಟ ವಿದ್ಯಾರ್ಥಿಗೆ ಆಸ್ಟಿನ್‌ಳ ಶೈಲಿಯ ಗುಟ್ಟು, ಕನ್ನಡದ 'ತಾನು' ಪದದ ಶಕ್ತಿ ಎರಡೂ ಒಟ್ಟಿಗೆ ತಿಳಿಯುತ್ತವೆ.

9. ಒಂದು ಆಕ್ಷೇಪ ಮತ್ತು ಬೋಧನೆಯ ಕ್ರಮ

ಈ ವಿಧಾನಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಸ್ಟ್ಯಾನ್ಲಿ ಫಿಷ್ ಶೈಲಿಶಾಸ್ತ್ರವನ್ನು ಟೀಕಿಸುವಾಗ ಹ್ಯಾಲಿಡೆಯವರ ವಿಶ್ಲೇಷಣೆಯನ್ನೂ ಪರಿಶೀಲಿಸಿ, ವ್ಯಾಕರಣದ ಲಕ್ಷಣದಿಂದ ಅರ್ಥಕ್ಕೆ ಜಿಗಿಯುವುದು ನಿರಾಧಾರವೆಂದು ವಾದಿಸಿದ. ಅಕರ್ಮಕ ಕ್ರಿಯೆ ಎಂದರೆ ಅಸಹಾಯಕತೆ ಎಂದು ಯಾವ ವ್ಯಾಕರಣವೂ ಹೇಳುವುದಿಲ್ಲ. ಕೃತಿಯನ್ನು ಓದಿದವನು ಆ ಅರ್ಥವನ್ನು ಅದಕ್ಕೆ ಹೊರಿಸುತ್ತಾನೆ ಎಂಬುದು ಈ ಆಕ್ಷೇಪದ ಜಾಡು. ಇದನ್ನು ಕಡೆಗಣಿಸುವಂತಿಲ್ಲ. ಲಿಯರನ ಬಾಯಲ್ಲಿ ಒಂದೇ 'ದೌ' ಒಮ್ಮೆ ವಾತ್ಸಲ್ಯವೂ ಒಮ್ಮೆ ಕೋಪವೂ ಆದುದನ್ನು ಮೇಲೆ ನೋಡಿದೆ. 'ಕರ್ಮಣಿ ಬಂದರೆ ಮರೆಮಾಚುವಿಕೆ', 'ಕ್ರಿಯಾಪದವಿಲ್ಲದಿದ್ದರೆ ಸ್ತಬ್ಧತೆ' ಎಂಬ ಸಿದ್ಧ ಸಮೀಕರಣಗಳನ್ನು ಕಲಿಸಿದರೆ ಹಳೆಯ ಬಾಯಿಪಾಠದ ಜಾಗಕ್ಕೆ ಹೊಸ ಬಾಯಿಪಾಠ ಬಂದಂತಾಗುತ್ತದೆ. ವ್ಯಾಕರಣ ಲಕ್ಷಣವು ಅರ್ಥವನ್ನು ನಿರ್ಧರಿಸುವುದಿಲ್ಲ, ಪ್ರಶ್ನೆಯನ್ನು ಎಬ್ಬಿಸುತ್ತದೆ. ಉತ್ತರ ದೊರೆಯಬೇಕಾದದ್ದು ಕೃತಿಯ ಸಂದರ್ಭದಿಂದ. ಧ್ವನಿಯು ವಕ್ತೃ, ಸಂದರ್ಭ ಮೊದಲಾದವುಗಳನ್ನು ಅವಲಂಬಿಸಿದೆಯೆಂಬ ಭಾರತೀಯ ಮೀಮಾಂಸಕರ ಎಚ್ಚರವೂ ಇಲ್ಲಿ ಸಲ್ಲುತ್ತದೆ.

ಈ ಎಚ್ಚರದೊಡನೆ ತರಗತಿಗೆ ಮೂರು ಹಂತಗಳ ಕ್ರಮವೊಂದನ್ನು ಸೂಚಿಸಬಹುದು. ಮೊದಲನೆಯದಾಗಿ, ಆಯ್ದ ಭಾಗದಲ್ಲಿನ ಒಂದೇ ಒಂದು ವ್ಯಾಕರಣಾಂಶವನ್ನು ವಿದ್ಯಾರ್ಥಿಗಳಿಂದ ಗುರುತು ಮಾಡಿಸುವುದು. ಎರಡನೆಯದಾಗಿ, ಅದು ಇಂಗ್ಲಿಷಿನಲ್ಲಿ ವಾಡಿಕೆಯದೋ ವಿಶೇಷವೋ, ಕನ್ನಡದಲ್ಲಿ ಅದರ ಸ್ಥಿತಿ ಏನು ಎಂದು ಎರಡೂ ಭಾಷೆಗಳ ಸಾಮಾನ್ಯ ವಾಕ್ಯಗಳೊಡನೆ ಹೋಲಿಸುವುದು. ಮೂರನೆಯದಾಗಿ, ಆ ಭಾಗವನ್ನು ಎರಡು ಬಗೆಯಾಗಿ ಕನ್ನಡಿಸಿ, ಯಾವುದರಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಚರ್ಚಿಸುವುದು. ಇದಕ್ಕೆ ಹೊಸ ಪಠ್ಯಪುಸ್ತಕದ ಅಗತ್ಯವಿಲ್ಲ. ಒಂದು ಪ್ಯಾರಾ ಮತ್ತು ಒಂದು ಕರಿಹಲಗೆ ಸಾಕು. ಕನ್ನಡ ಮತ್ತು ಇಂಗ್ಲಿಷ್ ಅಧ್ಯಾಪಕರು ಒಂದೇ ತರಗತಿಯಲ್ಲಿ ಕೂಡಿ ಇದನ್ನು ನಡೆಸಿದರೆ ಪ್ರಯೋಜನ ಹೆಚ್ಚು.

10. ಉಪಸಂಹಾರ

ಕರ್ನಾಟಕದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ಕ್ರಮ 2007ರಲ್ಲಿ ಆರಂಭವಾಯಿತು. ಇಂಗ್ಲಿಷ್ ಯಾವಾಗಿನಿಂದ ಬೇಕು ಎಂಬ ಚರ್ಚೆ ಸಾಕಷ್ಟು ನಡೆದಿದೆ. ಹೇಗೆ ಬೇಕು, ಕನ್ನಡದ ಜೊತೆಗೆ ಯಾವ ಸಂಬಂಧದಲ್ಲಿ ಬೇಕು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಕನ್ನಡವನ್ನು ತಪ್ಪುಗಳ ಮೂಲವೆಂದು ಬಗೆದು ಇಂಗ್ಲಿಷ್ ತರಗತಿಯ ಹೊರಗೆ ನಿಲ್ಲಿಸಿದಾಗ ವಿದ್ಯಾರ್ಥಿಯು ತನಗೆ ಖಚಿತವಾಗಿ ಗೊತ್ತಿರುವ ಒಂದೇ ವ್ಯಾಕರಣವನ್ನೂ ಹೊರಗಿಟ್ಟು ಒಳಗೆ ಬರಬೇಕಾಗುತ್ತದೆ. ಮೇಲಿನ ನಿದರ್ಶನಗಳು ತೋರುವಂತೆ, ಅದೇ ವ್ಯಾಕರಣವು ಹೆಮಿಂಗ್ವೆಯ 'ದಿ'ಯನ್ನು ಅವನಿಂದ ಮರೆಸಬಹುದು, ಕೆಂಟ್‌ನ 'ದೌ'ವನ್ನು ಅವನಿಗೆ ತಕ್ಷಣ ಕೇಳಿಸಬಹುದು. ಯಾವುದು ಎಲ್ಲಿ ಮರೆ, ಎಲ್ಲಿ ಬೆಳಕು ಎಂಬುದನ್ನು ತಿಳಿಯಪಡಿಸುವ ಹೊಣೆ ಎರಡೂ ಭಾಷೆಗಳ ಅಧ್ಯಾಪಕರ ಮೇಲಿದೆ. 'ಈಸ್' ಬಿಟ್ಟು ಬರೆದ ವಾಕ್ಯದ ಕೆಳಗೆ ಗೆರೆ ಎಳೆಯುವ ಮುನ್ನ, ಆ ವಿದ್ಯಾರ್ಥಿ ಯಾವ ನಿಯಮವನ್ನು ಪಾಲಿಸಿದ್ದಾನೆ ಎಂದು ಕೇಳಿಕೊಳ್ಳುವುದರಿಂದಲೇ ಈ ಕೆಲಸವನ್ನು ಆರಂಭಿಸಬಹುದು.